ಇಷ್ಟು ಮಣ್ಣು ಎಲ್ಲಿಂದ ಬಂತು? ಹುಲ್ಲು ಮುಚ್ಚಿದ ಕೋಟೆಯನ್ನು ನೋಡುವ ಬಗೆ

ಇಂಗ್ಲೆಂಡಿಗೆ ಬಂದ ಮೊದಲ ವರ್ಷ ಫಾದರಿಂಗೇ ಕೋಟೆ ನೋಡಲು ಹೋಗಿ ಹತ್ತೇ ನಿಮಿಷಕ್ಕೆ ಹಿಂದಿರುಗಿದ್ದೆ. ನಕ್ಷೆಯಲ್ಲಿ ಕೋಟೆ ಎಂದಿತ್ತು. ಅಲ್ಲಿದ್ದದ್ದು ಕುರಿಗಳು, ಒದ್ದೆ ಹುಲ್ಲು ಮತ್ತು ಒಂದು ದಿಬ್ಬ. ಚಿತ್ರದುರ್ಗ, ಮಧುಗಿರಿಗಳನ್ನು ನೋಡಿ ಬೆಳೆದ ಕಣ್ಣು ಕಲ್ಲನ್ನು ಹುಡುಕುತ್ತಿತ್ತು, ಕಲ್ಲು ಸಿಗಲಿಲ್ಲ.

ಎರಡನೆಯ ಸಲ ಊರಿನಿಂದ ಬಂದಿದ್ದ ಮಾವನವರ ಜೊತೆ ಹೋದೆ. ಅವರು ಶಿರಾ ಕಡೆಯ ರೈತರು. ಕೆರೆಯ ಹೂಳು ತೆಗೆಸಿದವರು, ಹೊಲಕ್ಕೆ ಬದು ಹಾಕಿಸಿದವರು. ಗೇಟಿನ ಬಳಿ ನಿಂತು ದಿಬ್ಬವನ್ನು ಒಮ್ಮೆ ದಿಟ್ಟಿಸಿ, "ಇಷ್ಟೊಂದು ಮಣ್ಣು ಎಲ್ಲಿಂದ ತಂದರಂತೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಮುಂದೆ ಹೋಗಿ ದಿಬ್ಬದ ಬುಡದ ಸುತ್ತ ಬಳಸಿಕೊಂಡು ಹೋಗುವ ತಗ್ಗನ್ನು ತೋರಿಸಿದರು. "ಇಲ್ಲಿ ತೋಡಿ ಅಲ್ಲಿ ಸುರಿದಿದ್ದಾರೆ. ಕೆರೆ ಏರಿ ಹಾಕಿದ ಹಾಗೆ."

ಅಂದಿನಿಂದ ಇಂಥ ಜಾಗಗಳನ್ನು ನಾನು ನೋಡುವ ಕ್ರಮವೇ ಬದಲಾಯಿತು. ದಿಬ್ಬಕ್ಕೆ ಮೊದಲು ತಗ್ಗನ್ನು ನೋಡಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಅಥವಾ ರಜೆಗೆ ಬರುವ ಕನ್ನಡಿಗರು ಲಂಡನ್ನಿನ ಗೋಪುರಕ್ಕೆ ದುಬಾರಿ ಟಿಕೆಟ್ ಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಹಳ್ಳಿಗಾಡಿನಲ್ಲಿ ಹೀಗೆ ಬಯಲಿಗೆ ಬಿದ್ದಿರುವ ಮಧ್ಯಯುಗದ ಮಣ್ಣಿನ ಕೋಟೆಗಳು ನೂರಾರಿವೆ, ಅವುಗಳಲ್ಲಿ ಬಹಳಷ್ಟನ್ನು ದುಡ್ಡು ಕೊಡದೆ ನೋಡಬಹುದು. ಅವುಗಳನ್ನು ಓದುವುದು ಹೇಗೆಂಬುದನ್ನು ಫಾದರಿಂಗೇಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದು ಮಾತು ತಿಳಿದಿರಲಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಅವರಿಗೆ ಕಲ್ಲಿನ ಕೋಟೆ ಕಟ್ಟುತ್ತ ಕೂರಲು ಪುರುಸೊತ್ತಿರಲಿಲ್ಲ. ಸುತ್ತ ಹಗೆಗಳಿದ್ದರು. ದುಂಡಗೆ ಕಂದಕ ತೋಡಿದರು, ತೋಡಿದ ಮಣ್ಣನ್ನು ನಡುವೆ ಗುಡ್ಡೆ ಹಾಕಿ ದಮ್ಮಸ್ಸು ಮಾಡಿದರು, ಮೇಲೊಂದು ಮರದ ಗೋಪುರ ನಿಲ್ಲಿಸಿದರು. ಈ ದಿಬ್ಬಕ್ಕೆ ಮಾಟ್ ಎಂದು ಹೆಸರು. ಅದರ ಮಗ್ಗುಲಿಗೆ ಮತ್ತೊಂದು ಕಂದಕ ಮತ್ತು ಏರಿಯಿಂದ ಸುತ್ತುವರಿದ ಅಂಗಳ, ಅದು ಬೈಲಿ. ಕುದುರೆ ಲಾಯ, ಅಡುಗೆಮನೆ, ಉಗ್ರಾಣ, ಆಳುಗಳ ಬಿಡಾರ ಎಲ್ಲವೂ ಬೈಲಿಯಲ್ಲಿ. ಈ ಕಾಲದ ಕಥೆಯನ್ನು ಬಟ್ಟೆಯ ಮೇಲೆ ಕಸೂತಿಯಲ್ಲಿ ಹೇಳುವ ಬೇಯೂ ಚಿತ್ರಪಟದಲ್ಲಿ ಹೇಸ್ಟಿಂಗ್ಸ್‌ನ ದಿಬ್ಬ ಏಳುತ್ತಿರುವ ದೃಶ್ಯವಿದೆ. ಸಲಿಕೆ ಹಿಡಿದ ಇಬ್ಬರು ಕೆಲಸ ಬಿಟ್ಟು ಸಲಿಕೆಯಿಂದಲೇ ಹೊಡೆದಾಡುತ್ತಿದ್ದಾರೆ. ದಿಬ್ಬವನ್ನು ಪದರ ಪದರವಾಗಿ ಬೇರೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಾರೆ. ಮೇಲಿರುವ ಲ್ಯಾಟಿನ್ ಬರಹ ಹೇಳುವುದು, ಕೋಟೆಯನ್ನು ಅಗೆಯಲು ಅವನು ಅಪ್ಪಣೆ ಕೊಟ್ಟನು ಎಂದು. ಕಟ್ಟಲು ಎಂದಲ್ಲ, ಅಗೆಯಲು. ನನಗೆ ಆ ಕ್ರಿಯಾಪದ ಬಹಳ ಇಷ್ಟ. ಕಣ್ಣಿಗೆ ಕಲ್ಲು ಕಾಣದಿದ್ದಾಗ ಅದನ್ನು ನೆನೆದುಕೊಳ್ಳಿ.

ಹೊರಡುವ ಹಿಂದಿನ ರಾತ್ರಿ

ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ. ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ 1:25,000 ಅಳತೆಯ ನಕ್ಷೆಯನ್ನು ತೆಗೆಯಿರಿ. ಕಿತ್ತಳೆ ರಕ್ಷಾಪುಟದ ಈ ನಕ್ಷೆಗಳು ಇಲ್ಲಿನ ಪುಸ್ತಕದಂಗಡಿಗಳಲ್ಲೂ ಸಿಗುತ್ತವೆ, ಮೊಬೈಲ್‌ನಲ್ಲೂ ಸಿಗುತ್ತವೆ. ಪ್ರಾಚೀನ ಸ್ಥಳಗಳ ಹೆಸರನ್ನು ಹಳೆಯ ಹಸ್ತಪ್ರತಿಯಂಥ ಚೂಪು ಮೂಲೆಗಳ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಹೆಸರಿನ ಸುತ್ತ ಸಣ್ಣ ಸಣ್ಣ ಗೆರೆಗಳು ಕಂಡರೆ ಅವು ಇಳಿಜಾರುಗಳು. ಗೆರೆಯ ದಪ್ಪ ತುದಿ ಎತ್ತರದ ಕಡೆಗೆ, ಸಣಕಲು ತುದಿ ತಗ್ಗಿನ ಕಡೆಗೆ. ಈ ಒಂದು ಗುಟ್ಟು ತಿಳಿದರೆ ಯಾವುದು ಗುಂಡಿ, ಯಾವುದು ಗುಡ್ಡೆ ಎಂದು ಕುಳಿತಲ್ಲೇ ಹೇಳಬಹುದು. ಹಸಿರು ತುಂಡುಗೆರೆಗಳು ಸಾರ್ವಜನಿಕ ಕಾಲುದಾರಿಗಳು. ನಿಮ್ಮ ಕೋಟೆಗೆ ಅಂಥ ದಾರಿ ಹೋಗುತ್ತದೆಯೇ, ಪಕ್ಕದಲ್ಲಿ ಮಾತ್ರ ಹಾದುಹೋಗುತ್ತದೆಯೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ನಕ್ಷೆಯಲ್ಲಿ ಕೋಟೆ ಇದೆ ಎಂದ ಮಾತ್ರಕ್ಕೆ ಒಳಗೆ ಹೋಗುವ ಹಕ್ಕು ಬರುವುದಿಲ್ಲ.

ನಂತರ ಲೈಡಾರ್ ಚಿತ್ರ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರಿಳಿತವನ್ನು ಅಳೆದು ಮಾಡಿದ ಚಿತ್ರ ಅದು. ಮರಗಿಡಗಳನ್ನು ಕಂಪ್ಯೂಟರ್‌ನಲ್ಲಿ ಕಳೆದುಬಿಟ್ಟು ಬರಿಯ ನೆಲವನ್ನು ತೋರಿಸಬಲ್ಲದು. ಇಂಗ್ಲೆಂಡಿನ ಪರಿಸರ ಸಂಸ್ಥೆ ಪ್ರವಾಹದ ಲೆಕ್ಕಾಚಾರಕ್ಕೆಂದು ಈ ಅಳತೆಗಳನ್ನು ಮಾಡಿಸಿತು, ಈಗ ಅವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹಳೆಯ ನಕ್ಷೆ ಮತ್ತು ಲೈಡಾರ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಫಾದರಿಂಗೇಯನ್ನು ಹಾಗೆ ನೋಡಿದರೆ ದುಂಡು ದಿಬ್ಬ, ಅದರ ಸುತ್ತಲಿನ ಬಳೆಯಂಥ ಕಂದಕ, ಪಕ್ಕದ ಅಂಗಳ ಬೆರಳಚ್ಚಿನಷ್ಟು ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ. ಮಳೆಯಲ್ಲಿ ಮೊಬೈಲ್ ಪರದೆ ಬೆರಳಿನ ಮಾತು ಕೇಳುವುದಿಲ್ಲ.

ಕಾಲ, ಬೆಳಕು, ಬೂಟು

ಬೇಸಿಗೆಯಲ್ಲಿ ಹೋಗುವುದೇ ಹೆಚ್ಚಿನವರು ಮಾಡುವ ತಪ್ಪು. ಜೂನ್‌ನಲ್ಲಿ ಹುಲ್ಲು ಮಂಡಿಯವರೆಗೆ ಬೆಳೆದಿರುತ್ತದೆ, ತುರಿಕೆ ಸೊಪ್ಪು ಸೊಂಟಕ್ಕೆ ಬರುತ್ತದೆ, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಒಂದಡಿ ಎತ್ತರದ ಏರಿಗಳೆಲ್ಲ ಅದರಲ್ಲಿ ಮುಳುಗಿ ಹೋಗುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ, ಅದೂ ಬಿಸಿಲಿರುವ ದಿನ ಬೆಳಿಗ್ಗೆ ಅಥವಾ ಸಂಜೆ ಹೋಗಿ. ಸೂರ್ಯನ ಬೆಳಕು ಓರೆಯಾಗಿ ಬಿದ್ದಾಗ ಗೇಣುದ್ದದ ಉಬ್ಬಿಗೂ ಮಾರುದ್ದದ ನೆರಳು ಬರುತ್ತದೆ. ಇಬ್ಬನಿ ಹೆಪ್ಪುಗಟ್ಟಿದ ಬೆಳಗಿನಲ್ಲಿ ಬಿಸಿಲು ತಾಗಿದ ಕಡೆ ಹಸಿರಾಗಿಯೂ ತಾಗದ ಕಡೆ ಬೆಳ್ಳಗೂ ಉಳಿದು, ಇಡೀ ಕೋಟೆ ರಂಗೋಲಿಯ ಹಾಗೆ ನೆಲದ ಮೇಲೆ ಎದ್ದು ಬರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ, ಆದ್ದರಿಂದ ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ತಡವಾಯಿತೆಂದೇ ಲೆಕ್ಕ.

ಇದಕ್ಕೊಂದು ಅಪವಾದವಿದೆ. 2018ರಂಥ ಕಡುಬೇಸಿಗೆ ಬಂದರೆ ತಪ್ಪದೆ ಹೋಗಿ. ಮಣ್ಣಿನಡಿ ಹೂತ ಗೋಡೆಯ ಮೇಲಿನ ಹುಲ್ಲಿಗೆ ಬೇರು ಬಿಡಲು ಜಾಗ ಸಾಲದೆ ಅದು ಮೊದಲು ಒಣಗಿ ಹಳದಿಯಾಗುತ್ತದೆ. ಹೂಳು ತುಂಬಿದ ಕಂದಕದ ಮೇಲಿನ ಹುಲ್ಲು ತೇವ ಹಿಡಿದುಕೊಂಡು ಹಸಿರಾಗಿಯೇ ಉಳಿಯುತ್ತದೆ. ಆ ವರ್ಷ ಬ್ರಿಟನ್ನಿನ ಹೊಲಗಳಲ್ಲಿ ಯಾರೂ ಕಂಡಿರದ ಎಷ್ಟೋ ಹಳೆಯ ತಳಪಾಯಗಳು ಹೀಗೆ ವಿಮಾನದಿಂದ ಕಾಣಿಸಿಕೊಂಡವು.

ಕಾಲಿಗೆ ನೀರು ಇಳಿಯದ, ಹಿಡಿತವಿರುವ ಬೂಟು ಬೇಕೇ ಬೇಕು. ಕೈಗೊಂದು ಊರುಗೋಲು ಇದ್ದರೆ ಒಳ್ಳೆಯದು. ಉಳಿದದ್ದು ನಿಮ್ಮಿಷ್ಟ.

ಫಾದರಿಂಗೇ ಇರುವುದು ನಾರ್ಥಾಂಪ್ಟನ್‌ಷರ್‌ನಲ್ಲಿ, ನೀನ್ ನದಿಯ ದಂಡೆಯ ಮೇಲೆ, ಔಂಡಲ್ ಪಟ್ಟಣಕ್ಕೆ ಸಮೀಪ. ದೊಡ್ಡ ರೈಲು ನಿಲ್ದಾಣವೆಂದರೆ ಪೀಟರ್‌ಬರೋ. ಅಲ್ಲಿಂದ ಕಾರು ಅನುಕೂಲ. ಕೋಟೆಯಿರುವುದು ಖಾಸಗಿ ಜಮೀನಿನಲ್ಲಾದರೂ ಜನರಿಗೆ ಹೋಗಿ ನೋಡಲು ಬಿಟ್ಟಿದ್ದಾರೆ, ಟಿಕೆಟ್ ಇಲ್ಲ.

ಹತ್ತಬೇಡಿ, ಮೊದಲು ಸುತ್ತಿ

ಗೇಟು ದಾಟಿದ ಕೂಡಲೇ ಮಕ್ಕಳು ದಿಬ್ಬದ ಕಡೆಗೆ ಓಡುತ್ತಾರೆ. ಅವರನ್ನು ತಡೆಯಿರಿ. ಮೊದಲು ದೂರದಿಂದ ಇಡೀ ಆಕಾರವನ್ನು ನೋಡಿ, ಆಮೇಲೆ ದಿಬ್ಬದ ಬುಡದ ಕಂದಕವನ್ನು ಹಿಡಿದು ಒಂದು ಪೂರ್ತಿ ಸುತ್ತು ಬನ್ನಿ, ಪ್ರದಕ್ಷಿಣೆ ಹಾಕುವ ಹಾಗೆ. ನಡೆಯುತ್ತ ಕಾಲಿನ ಕೆಳಗೆ ನೆಲ ಎಲ್ಲಿ ಮೆತ್ತಗಾಗುತ್ತದೆ ಎಂದು ಗಮನಿಸಿ. ಜೊಂಡು ಹುಲ್ಲು ಬೆಳೆದು ನೀರು ಪಚಪಚ ಅನ್ನುವಲ್ಲಿ ಕಂದಕ ಇಂದಿಗೂ ನೀರು ಹಿಡಿಯುತ್ತಿದೆ. ನೀವು ನಡೆಯುತ್ತಿರುವ ತಳ ಅಸಲು ತಳವಲ್ಲ ಎಂಬುದೂ ನೆನಪಿರಲಿ. ಏರಿಯ ಮಣ್ಣು ನೂರಾರು ವರ್ಷ ಜಾರಿ ಜಾರಿ ಕಂದಕದೊಳಗೆ ಕೂತಿದೆ. ಅಂದು ಕಂದಕ ಇದಕ್ಕಿಂತ ಬಹಳ ಆಳ, ಬದಿಗಳು ಬಹಳ ಕಡಿದು. ತಗ್ಗಿನಲ್ಲಿ ನಿಂತು ಕತ್ತೆತ್ತಿ ನೋಡಿ. ಕೆಳಗೆ ಇನ್ನೊಂದಾಳು ಆಳ, ಮೇಲೆ ಮರದ ಗೂಟಗಳ ಬೇಲಿ, ಬೇಲಿಯಾಚೆ ಬಿಲ್ಲು ಹಿಡಿದವನು. ಹುಲ್ಲಿನ ಇಳಿಜಾರು ಎಂದು ಕಂಡದ್ದು ಆಗ ಬೇರೆಯೇ ಆಗಿ ಕಾಣುತ್ತದೆ.

ಈಗ ಮಾವನವರ ಪ್ರಶ್ನೆಗೆ ಲೆಕ್ಕ ಹಾಕಿ. ದಿಬ್ಬದ ಎತ್ತರ ಅಳೆಯಲು ಉಪಕರಣ ಬೇಕಿಲ್ಲ. ಬುಡದಲ್ಲಿ ನೆಟ್ಟಗೆ ನಿಂತು ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎದುರಿನ ಇಳಿಜಾರಿನಲ್ಲಿ ಒಂದು ಗುರುತು ನೋಡಿಕೊಳ್ಳಿ, ಒಂದು ಹುಲ್ಲಿನ ಕುಚ್ಚೋ ಕಲ್ಲೋ ಸಾಕು. ಅಲ್ಲಿಗೆ ಹೋಗಿ ನಿಂತು ಮತ್ತೆ ಎದುರಿಗೆ ನೋಡಿ. ಹೀಗೆ ತುದಿ ಮುಟ್ಟುವಷ್ಟರಲ್ಲಿ ಎಷ್ಟು ಸಲ ಆಯಿತೋ ಅದನ್ನು ನಿಮ್ಮ ಕಣ್ಣಿನ ಎತ್ತರದಿಂದ ಗುಣಿಸಿದರೆ ಆಯಿತು. ಬುಡದ ಅಗಲಕ್ಕೆ ಹೆಜ್ಜೆ ಎಣಿಸಿ. ಬುಡದಲ್ಲಿ 60 ಮೀಟರ್, ತಲೆಯಲ್ಲಿ 30 ಮೀಟರ್ ಅಡ್ಡಗಲ, 7 ಮೀಟರ್ ಎತ್ತರವಿರುವ ಒಂದು ದಿಬ್ಬವೆಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 11,500 ಘನ ಮೀಟರ್ ಮಣ್ಣಿರುತ್ತದೆ. ಒಬ್ಬಾಳು ದಿನಕ್ಕೆ ಎರಡು ಘನ ಮೀಟರ್ ಅಗೆದು ಹೊತ್ತು ಸುರಿದನೆಂದರೂ ನೂರು ಜನಕ್ಕೆ ಎರಡು ತಿಂಗಳ ಕೆಲಸ. ಆ ನೂರು ಜನ ಯಾರು? ಗೆದ್ದು ಬಂದವರಲ್ಲ. ಸುತ್ತಲಿನ ಹಳ್ಳಿಗಳಿಂದ ಬಿಟ್ಟಿ ದುಡಿಮೆಗೆ ಎಳೆತಂದ ಒಕ್ಕಲುಗಳು, ತಮ್ಮನ್ನೇ ಅಂಕೆಯಲ್ಲಿಡುವ ಕೋಟೆಯನ್ನು ತಮ್ಮ ಕೈಯಾರೆ ಅಗೆದವರು. ನಾನು ಈ ದಿಬ್ಬಗಳನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ರಾಜರಾಣಿಯರು ಕಾರಣರಲ್ಲ, ಅವರು ಕಾರಣ. ಅವರ ಹೆಸರು ಎಲ್ಲಿಯೂ ಉಳಿದಿಲ್ಲ, ಸಲಿಕೆಯ ಕೆಲಸ ಉಳಿದಿದೆ.

ಅಂಗಳ, ಬಾಗಿಲು, ಕಲ್ಲು ಕಿತ್ತ ಜಾಗ

ದಿಬ್ಬದಿಂದ ಅಂಗಳಕ್ಕೆ ಬನ್ನಿ. ಇಲ್ಲಿ ಹುಡುಕಬೇಕಾದದ್ದು ಬಾಗಿಲು. ಅಂಗಳದ ಸುತ್ತಲಿನ ಏರಿ ಎಲ್ಲಿ ತುಂಡಾಗಿದೆ, ಅದರ ಎದುರಿಗೇ ಕಂದಕಕ್ಕೆ ಅಡ್ಡಲಾಗಿ ಮಣ್ಣಿನ ದಾರಿ ಇದೆಯೇ, ನೋಡಿ. ಎರಡೂ ಒಂದೇ ನೇರಕ್ಕೆ ಇದ್ದರೆ ಅದು ಹಳೆಯ ಪ್ರವೇಶವಿರಬಹುದು. ಆದರೆ ಟ್ರ್ಯಾಕ್ಟರ್ ಓಡಿಸಲು ರೈತರು ಇತ್ತೀಚೆಗೆ ಕಡಿದ ದಾರಿಯೂ ಹೀಗೆಯೇ ಕಾಣುತ್ತದೆ. ಅಂಚು ಚೂಪಾಗಿದ್ದು ಹುಲ್ಲು ತೆಳುವಾಗಿದ್ದರೆ ಅನುಮಾನಪಡಿ.

ಫಾದರಿಂಗೇಯ ಈ ಅಂಗಳ ಬರಿಯ ಮಣ್ಣಾಗಿ ಉಳಿದಿರಲಿಲ್ಲ. 1100ರ ಸುಮಾರಿಗೆ ನಾರ್ಥಾಂಪ್ಟನ್ನಿನ ಅರ್ಲ್ ಸೈಮನ್ ಡಿ ಸೆನ್ಲಿಸ್ ಎಬ್ಬಿಸಿದನೆನ್ನುವ ಕೋಟೆ 14ನೇ ಶತಮಾನದ ಕೊನೆಗೆ ಮೂರನೇ ಎಡ್ವರ್ಡ್ ದೊರೆಯ ಮಗ, ಮುಂದೆ ಯಾರ್ಕ್ ಡ್ಯೂಕ್ ಆದ ಎಡ್ಮಂಡ್‌ನ ಕೈಗೆ ಬಂತು. ಅವನು ಅದನ್ನು ಅರಮನೆಯಾಗಿ ಕಟ್ಟಿಸಿದ. 1452ರ ಅಕ್ಟೋಬರ್ 2ರಂದು ಇಲ್ಲಿ ಹುಟ್ಟಿದ ಮಗು ಮುಂದೆ ಮೂರನೇ ರಿಚರ್ಡ್ ದೊರೆಯಾಯಿತು. ಲೆಸ್ಟರ್ ನಗರದ ಕಾರು ನಿಲ್ದಾಣದ ಅಡಿಯಲ್ಲಿ 2012ರಲ್ಲಿ ಅವನ ಅಸ್ಥಿ ಸಿಕ್ಕ ಸುದ್ದಿ ಕನ್ನಡ ಪತ್ರಿಕೆ ಓದುವವರಿಗೂ ನೆನಪಿರಬಹುದು. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ವಿಚಾರಣೆಗೆ ಒಳಪಡಿಸಿ 1587ರ ಫೆಬ್ರವರಿ 8ರಂದು ತಲೆ ಕಡಿದದ್ದೂ ಇಲ್ಲಿನ ದೊಡ್ಡ ಸಭಾಂಗಣದಲ್ಲೇ. ತಾಯಿಯ ಸಾವಿನ ಸಿಟ್ಟಿಗೆ ಮಗ ಜೇಮ್ಸ್ ದೊರೆ ಕೋಟೆಯನ್ನು ನೆಲಸಮ ಮಾಡಿಸಿದ ಎಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಜೇಮ್ಸ್ ತೀರಿಕೊಂಡದ್ದು 1625ರಲ್ಲಿ, ಕೋಟೆ ಉರುಳಿದ್ದು ಅದರ ನಂತರ. ಪಾಳುಬಿದ್ದ ಕಟ್ಟಡದ ಕಲ್ಲು ಎಲ್ಲ ಊರುಗಳಲ್ಲೂ ಎಲ್ಲಿಗೆ ಹೋಗುತ್ತದೋ ಇದರದೂ ಅಲ್ಲಿಗೇ ಹೋಯಿತು, ಅಕ್ಕಪಕ್ಕದ ಮನೆ ಗೋಡೆಗಳಿಗೆ. ಔಂಡಲ್‌ನ ಹಳೆಯ ಟಾಲ್ಬಟ್ ಹೋಟೆಲಿನ ಮೆಟ್ಟಿಲಸಾಲು ಈ ಕೋಟೆಯದೇ ಎಂದು ಅಲ್ಲಿಯವರು ಹೇಳುತ್ತಾರೆ.

ಉಳಿದಿರುವ ಕಲ್ಲು ಒಂದೇ ಒಂದು ಗಡ್ಡೆ. ನದಿಯ ಅಂಚಿನಲ್ಲಿ ಕಬ್ಬಿಣದ ಕಟಕಟೆಯೊಳಗೆ ಕೂತಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನೀವು ಅಂಗಳಕ್ಕೆ ಹಿಂದಿರುಗಿ ಕಲ್ಲು ಇಲ್ಲದ ಜಾಗವನ್ನು ನೋಡಿ. ತಳಪಾಯದ ಕಲ್ಲನ್ನು ಕಿತ್ತೊಯ್ದಾಗ ಅದರ ಉದ್ದಕ್ಕೂ ಕಾಲುವೆಯಂಥ ಗುಂಡಿ ಉಳಿಯುತ್ತದೆ, ಬೇಡದ ಗಾರೆ ಮತ್ತು ಚೂರುಗಳನ್ನು ಎರಡೂ ಬದಿಗೆ ಎಸೆದದ್ದರಿಂದ ಅಂಚುಗಳು ಉಬ್ಬಿರುತ್ತವೆ. ಅಂದರೆ ಗೋಡೆ ಇದ್ದ ಕಡೆ ಇಂದು ತಗ್ಗು, ಕೋಣೆ ಇದ್ದ ಕಡೆ ಎತ್ತರ. ಲೆಕ್ಕ ತಲೆಕೆಳಗು. ಇದು ಅರ್ಥವಾಗಲು ನನಗೆ ಮೂರು ಭೇಟಿ ಬೇಕಾದವು. ಹೆಗ್ಗಣದಂಥ ಮೋಲ್ ಎಂಬ ಪ್ರಾಣಿ ಬಿಲ ತೋಡಿ ಎಸೆದ ಮಣ್ಣಿನ ಗುಪ್ಪೆಗಳಿದ್ದರೆ ಬಾಗಿ ನೋಡಿ. ಗಾರೆಯ ಪುಡಿ, ಹೆಂಚಿನ ಚೂರು ಕಂಡರೆ ಕೆಳಗೆ ಕಟ್ಟಡವಿದೆ ಎಂದಾಯಿತು. ನೋಡಿ, ಅಲ್ಲಿಯೇ ಬಿಡಿ. ತುರಿಕೆ ಸೊಪ್ಪಿನ ದಟ್ಟ ತೇಪೆಗಳೂ ಸುಳಿವು ಕೊಡುತ್ತವೆ. ಜನ ಜಾನುವಾರು ಬಹುಕಾಲ ಬಾಳಿದ ನೆಲದಲ್ಲಿ ರಂಜಕ ಹೆಚ್ಚು, ಆ ಗಿಡಕ್ಕೆ ಅದು ಗೊಬ್ಬರ. ಫಾದರಿಂಗೇಯಲ್ಲಿ ಬೇಸಿಗೆಗೆ ಅರಳುವ ಮುಳ್ಳುಗಿಡದ ಹೂಗಳನ್ನು ರಾಣಿ ಮೇರಿಯ ಕಣ್ಣೀರು ಎಂದು ಕರೆಯುತ್ತಾರೆ, ಅವಳೇ ನೆಟ್ಟದ್ದೆಂಬ ನಂಬಿಕೆಯಿದೆ.

ಎಲ್ಲ ದಿಬ್ಬವೂ ಕೋಟೆಯಲ್ಲ

ಒಂದೆರಡು ಕೋಟೆ ನೋಡಿದ ಮೇಲೆ ಕಂಡ ಕಂಡ ಗುಡ್ಡೆಯೆಲ್ಲ ಮಾಟ್ ಎನಿಸತೊಡಗುತ್ತದೆ. ಕಂಚಿನ ಯುಗದ ಗೋರಿಗುಡ್ಡೆಗಳು ಸಾಮಾನ್ಯವಾಗಿ ಇನ್ನೂ ಚಿಕ್ಕವು, ಬೋರಲು ಹಾಕಿದ ಬಟ್ಟಲಿನ ಹಾಗೆ ತಲೆ ದುಂಡಗಿರುತ್ತದೆ. ಮಾಟ್‌ನ ತಲೆ ಗೋಪುರಕ್ಕಾಗಿ ಚಪ್ಪಟೆ. ಗಾಳಿಯಂತ್ರ ನಿಲ್ಲಿಸಲು ಹಾಕಿದ ದಿಬ್ಬಗಳೂ ಉಂಟು, ಸಾಹುಕಾರರು ತೋಟದ ಸೊಬಗು ನೋಡಲು ಹಾಕಿಸಿದವೂ ಉಂಟು. ದಿಬ್ಬವೇ ಇಲ್ಲದೆ ಚೌಕಾಕಾರದ ನೀರಿನ ಅಗಳು ಮಾತ್ರ ಇದ್ದರೆ ಅದು ಬಹುಶಃ ಜಮೀನ್ದಾರನ ಮನೆ. ಪಕ್ಕದಲ್ಲಿ ಅಂಗಳವಿದೆಯೇ ಎಂಬುದೇ ನನ್ನ ಮುಖ್ಯ ಪರೀಕ್ಷೆ. ಕೋಟೆ ಹಾಗೇ ಬೆಳೆದು ದೊಡ್ಡದಾದರೆ ಹೇಗಿರುತ್ತದೆ ಎಂದು ಕಾಣಬೇಕಿದ್ದರೆ ವಿಂಡ್ಸರ್‌ಗೆ ಹೋದಾಗ ನಡುವಿನ ದುಂಡು ಗೋಪುರದ ಬುಡ ನೋಡಿ. ಅಲ್ಲಿಯೂ ಇರುವುದು ನಾರ್ಮನ್ನರು ಸುರಿದ ಮಣ್ಣಿನ ದಿಬ್ಬವೇ.

ಸುತ್ತಲಿನ ಹೊಲಗಳಲ್ಲಿ ಅಲೆಯಲೆಯಾಗಿ ಸಾಗುವ ಅಗಲವಾದ ಉಬ್ಬುತಗ್ಗುಗಳು ಕಂಡರೆ ಅವು ಮಧ್ಯಯುಗದ ಉಳುಮೆಯ ಗುರುತು. ಎತ್ತುಗಳ ಉದ್ದನೆಯ ಸಾಲನ್ನು ಹೊಲದ ಅಂಚಿನಲ್ಲಿ ತಿರುಗಿಸಲು ಮೊದಲೇ ಬಾಗಿಸಿಕೊಳ್ಳಬೇಕಾಗಿತ್ತು. ಅದಕ್ಕೇ ಸಾಲುಗಳು ನೇರವಾಗಿರದೆ ಹಾವಿನಂತೆ ಬಳುಕುತ್ತವೆ. ಮಾವನವರು ಅಂದು ಕೋಟೆಗಿಂತ ಹೆಚ್ಚು ಹೊತ್ತು ಇಂಥದೊಂದು ಹೊಲದ ಮುಂದೆ ನಿಂತಿದ್ದರು.

ಕೋಟೆ ಮೊದಲೋ ಹೊಲ ಮೊದಲೋ ಎಂಬ ಪ್ರಶ್ನೆಗೆ ವೇಲ್ಸ್ ಗಡಿಯ ಹೆನ್ ಡೊಮೆನ್‌ನಲ್ಲಿ ಅಪರೂಪದ ಉತ್ತರ ಸಿಕ್ಕಿದೆ. ವೇಲ್ಸ್ ಭಾಷೆಯಲ್ಲಿ ಆ ಹೆಸರಿಗೆ ಹಳೆಯ ದಿಬ್ಬ ಎಂದರ್ಥ. ನಾರ್ಮನ್ ಸರದಾರ ರೋಜರ್ ಡಿ ಮಾಂಟ್‌ಗೊಮರಿ 1070ರ ದಶಕದಲ್ಲಿ ಹಾಕಿಸಿದ ಈ ಕೋಟೆಯನ್ನು ಪುರಾತತ್ವಜ್ಞ ಫಿಲಿಪ್ ಬಾರ್ಕರ್ 1960ರಲ್ಲಿ ಅಗೆಯಲು ತೊಡಗಿದರು. ಮುಂದೆ ರಾಬರ್ಟ್ ಹೈಯಮ್ ಜೊತೆಗೂಡಿದರು. ಉತ್ಖನನ ಮುಗಿದದ್ದು 1992ರಲ್ಲಿ. ಅಷ್ಟು ವರ್ಷ ಕುಂಚ ಹಿಡಿದು ಮಣ್ಣು ಕೆರೆದಾಗ ಮರದ ಕಂಬಗಳು ಕೊಳೆತು ಬಿಟ್ಟ ಕಪ್ಪು ಗುರುತುಗಳು ಸಾಲಾಗಿ ಎದ್ದವು. ಇಂದು ಖಾಲಿ ಹುಲ್ಲುಗಾವಲಾಗಿ ಕಾಣುವ ಅಂಗಳದಲ್ಲಿ ಮರದ ಕಟ್ಟಡಗಳು ಒತ್ತೊತ್ತಾಗಿ ತುಂಬಿದ್ದವು, ಒಂದರ ಜಾಗದಲ್ಲಿ ಮತ್ತೊಂದು ಎದ್ದಿತ್ತು. ಎಲ್ಲಕ್ಕಿಂತ ಕೆಳಗೆ, ಕೋಟೆಯ ಏರಿಯ ಅಡಿಯಲ್ಲಿ, ಉತ್ತ ಹೊಲದ ಸಾಲುಗಳು ಹಾಗೆಯೇ ಇದ್ದವು. 1223ರಲ್ಲಿ ಮೂರನೇ ಹೆನ್ರಿ ಸಮೀಪದ ಬಂಡೆಯ ಮೇಲೆ ಕಲ್ಲಿನ ಕೋಟೆ ಕಟ್ಟಿಸಲು ತೊಡಗಿದ ಮೇಲೆ ಹಳೆಯ ದಿಬ್ಬದ ಮಹತ್ವ ಕುಗ್ಗುತ್ತ ಹೋಯಿತು. ನೀವು ಯಾವ ಅಂಗಳದಲ್ಲಿ ನಿಂತರೂ ಹೆನ್ ಡೊಮೆನ್ ಅನ್ನು ನೆನೆದು ಅಲ್ಲಿ ಹೊಗೆ, ಸಗಣಿ, ಮರದ ಗೋಡೆ, ಇಕ್ಕಟ್ಟು ಎಲ್ಲವನ್ನೂ ತುಂಬಿಕೊಳ್ಳಿ.

ಈಗ ಹತ್ತಿ

ಸವೆದ ಇಳಿಜಾರಿನಲ್ಲಿ ನೇರ ಮೇಲೇರಬೇಡಿ, ಜಾರುಬಂಡೆಯಂತೆ ಇಳಿಯಲೂಬೇಡಿ. ಒಂದೇ ಜಾಡಿನಲ್ಲಿ ಕಾಲುಗಳು ಬಿದ್ದು ಹುಲ್ಲು ಹರಿದರೆ ಮುಂದಿನ ಮಳೆ ಮಣ್ಣನ್ನು ಕೊಚ್ಚುತ್ತದೆ. ಫಾದರಿಂಗೇಯ ದಿಬ್ಬದ ಮೇಲಿಂದ ನೀನ್ ನದಿಯ ತಿರುವು, ಬಯಲು, ಎಂಟು ಮೂಲೆಯ ಗೋಪುರವಿರುವ ಇಗರ್ಜಿ ಕಾಣುತ್ತವೆ. ಇಲ್ಲಿ ಕುಳಿತು ಒಂದು ನಕ್ಷೆ ಬರೆಯಿರಿ. ಚಿತ್ರ ಬರೆಯಲು ಬರುವುದಿಲ್ಲ ಎನ್ನಬೇಡಿ. ಎಣಿಸಿದ ಹೆಜ್ಜೆಗಳನ್ನು ಸೆಂಟಿಮೀಟರಿಗೆ ಇಳಿಸಿ, ದಪ್ಪ ತುದಿ ಮೇಲಕ್ಕೆ ಇರುವಂತೆ ಸಣ್ಣ ಗೆರೆ ಎಳೆಯುತ್ತ ಹೋಗಿ. ಬರೆಯುವಾಗ ಕಣ್ಣು ನೂರು ಫೋಟೊಗಳಿಗೆ ಸಿಗದ್ದನ್ನು ಹಿಡಿಯುತ್ತದೆ. ಫೋಟೊ ಬೇಕೇ ಬೇಕೆಂದರೆ ಸೂರ್ಯನಿಗೆ ಬೆನ್ನು ಮಾಡಬೇಡಿ, ಬೆಳಕು ಪಕ್ಕದಿಂದ ಬರಲಿ. ಇಳಿಜಾರಿನಲ್ಲಿ ಒಬ್ಬರನ್ನು ನಿಲ್ಲಿಸಿ, ಇಲ್ಲವಾದರೆ ದಿಬ್ಬದ ಗಾತ್ರ ತಿಳಿಯುವುದಿಲ್ಲ.

ನಿಯಮಗಳು ಕೆಲವೇ, ಆದರೆ ಕಟ್ಟುನಿಟ್ಟು. ಇಂಥ ಬಹಳಷ್ಟು ಸ್ಥಳಗಳು ಕಾನೂನಿನಿಂದ ರಕ್ಷಿತ. ಅನುಮತಿಯಿಲ್ಲದೆ ಅಗೆಯುವುದು, ಲೋಹಶೋಧಕ ಬಳಸುವುದು 1979ರ ಕಾಯ್ದೆಯ ಪ್ರಕಾರ ಅಪರಾಧ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿಯೇ ಬನ್ನಿ. ವಸಂತದಲ್ಲಿ ಮರಿ ಹಾಕಿದ ಕುರಿಗಳ ನಡುವೆ ಮಕ್ಕಳನ್ನು ಓಡಲು ಬಿಡಬೇಡಿ. ಬೇಸಿಗೆಯಲ್ಲಿ ಹೋದರೆ ಮನೆಗೆ ಬಂದು ಉಣ್ಣಿ ಹತ್ತಿದೆಯೇ ಎಂದು ಕಾಲುಗಳನ್ನು ಪರೀಕ್ಷಿಸಿಕೊಳ್ಳಿ.

ಹೊತ್ತು ಉಳಿದಿದ್ದರೆ ಇಗರ್ಜಿಗೆ ನಡೆದು ಹೋಗಿ, ಹತ್ತು ನಿಮಿಷದ ದಾರಿಯೂ ಇಲ್ಲ. ಯಾರ್ಕ್ ಮನೆತನದವರ ಸಮಾಧಿಗಳು ಒಳಗಿವೆ. ಅವು ಮೊದಲಿದ್ದದ್ದು ಪೂರ್ವ ಭಾಗದಲ್ಲಿ. 16ನೇ ಶತಮಾನದಲ್ಲಿ ಆ ಭಾಗವನ್ನು ಕೆಡವಿದ ಮೇಲೆ, ಮೊದಲನೇ ಎಲಿಜಬೆತ್ ರಾಣಿ ಅವುಗಳನ್ನು ಈಗಿರುವ ಕಡೆಗೆ ತರಿಸಿದಳು. ಒಳಗಿನದು ನೋಡಿಯಾದ ಮೇಲೆ ಹೊರಗೆ ಬಂದು ಪೂರ್ವದ ಗೋಡೆಯ ಹಿಂದೆ ನಿಲ್ಲಿ. ಕಟ್ಟಡ ಅಲ್ಲಿ ಥಟ್ಟನೆ ನಿಂತುಹೋಗಿರುವುದು ಗೋಡೆಯ ಮೇಲೆಯೇ ಕಾಣುತ್ತದೆ. ಈಗ ಅಲ್ಲಿರುವುದು ಹುಲ್ಲು. ಸಂಜೆಯ ಬೆಳಕು ಓರೆಯಾಗಿದ್ದರೆ ಆ ಹುಲ್ಲನ್ನು ನಿಧಾನವಾಗಿ ನೋಡಿ.